ಪಾವಗಡದ ಫ್ಲೋರೈಡ್ ಹುಡುಕಲು ಎಷ್ಟು ಸರ್ಚ್ ಎಂಜಿನ್ ಬೇಕು?

ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಅದು ಎಲ್ಲಿಂದ ಬರುತ್ತದೆ, ಹಲ್ಲು ಮೂಳೆಗಳಿಗೆ ಏನು ಮಾಡುತ್ತದೆ, ತೆಗೆಯುವುದು ಹೇಗೆ? ಪ್ರಾಜೆಕ್ಟಿಗೆ ಇಂಥ ವಿಷಯ ಸಿಕ್ಕ ವಿದ್ಯಾರ್ಥಿ ಗೂಗಲ್‌ನಲ್ಲಿ ನಾಲ್ಕು ಪದ ಹಾಕುತ್ತಾನೆ. ಬರುವುದು ಪತ್ರಿಕಾ ಸುದ್ದಿ, ಆರ್‌ಒ ಯಂತ್ರ ಮಾರುವವರ ಪುಟ, ಒಂದರಿಂದ ಇನ್ನೊಂದಕ್ಕೆ ನಕಲಾದ ಬ್ಲಾಗುಗಳು. ಹತ್ತು ಫಲಿತಾಂಶ ನೋಡಿ 'ಈ ವಿಷಯದಲ್ಲಿ ಹೆಚ್ಚು ಕೆಲಸ ಆಗಿಲ್ಲ' ಎಂದು ವರದಿಯಲ್ಲಿ ಬರೆದುಬಿಡುತ್ತಾನೆ. ಕೆಲಸ ಬೇಕಾದಷ್ಟು ಆಗಿದೆ. ಅದು ಇರುವ ಜಾಗದಲ್ಲಿ ಆತ ಹುಡುಕಿಲ್ಲ, ಅಷ್ಟೆ.

ಸರ್ಚ್ ಎಂಜಿನ್ ಹುಡುಕುವುದು ಇಡೀ ಅಂತರ್ಜಾಲವನ್ನಲ್ಲ. ತಾನು ಮೊದಲೇ ಓದಿ ಮಾಡಿಟ್ಟುಕೊಂಡ ಸೂಚಿಯನ್ನು. ಗೂಗಲ್, ಬಿಂಗ್‌ಗಳ ಸೂಚಿ ಎಲ್ಲ ಬಗೆಯ ಪುಟಗಳದ್ದು. ಡಕ್‌ಡಕ್‌ಗೋ ಕೂಡ ಸಾಮಾನ್ಯ ಫಲಿತಾಂಶಗಳಿಗೆ ಬಹುಮಟ್ಟಿಗೆ ಬಿಂಗ್ ಅನ್ನೇ ನೆಚ್ಚಿದೆ, ಹಾಗಾಗಿ ಆ ಎರಡರಲ್ಲೂ ಹುಡುಕಿದರೆ ಎರಡು ಕಡೆ ನೋಡಿದಂತಾಗುವುದಿಲ್ಲ. ಗೂಗಲ್ ಸ್ಕಾಲರ್‌ನದು ಸಂಶೋಧನಾ ಬರಹಗಳ ಸೂಚಿ, ಪಬ್‌ಮೆಡ್‌ನದು ವೈದ್ಯಕೀಯ ಮತ್ತು ಜೀವವಿಜ್ಞಾನದ್ದು, ಶೋಧಗಂಗಾದಲ್ಲಿರುವುದು ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು. ನಮ್ಮ ಪ್ರಶ್ನೆಯ ನಾಲ್ಕು ತುಂಡುಗಳೂ ಒಂದೇ ಸೂಚಿಯಲ್ಲಿ ಸಿಗುವುದಿಲ್ಲ.

ಸರ್ಕಾರಿ ವರದಿಗೆ ಸಾಮಾನ್ಯ ಗೂಗಲ್ಲೇ ಸರಿ, ಆದರೆ ಲಗಾಮು ಹಾಕಬೇಕು. ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ಕೇಂದ್ರ ಅಂತರ್ಜಲ ಮಂಡಳಿಯ ಜಾಲತಾಣದ ವಿಳಾಸ ಸೇರಿಸಿದರೆ ಹುಡುಕಾಟ ಆ ತಾಣಕ್ಕೆ ಸೀಮಿತವಾಗುತ್ತದೆ. ಹಾಗೆಯೇ 'ಫೈಲ್‌ಟೈಪ್', ಕೋಲನ್, 'ಪಿಡಿಎಫ್' ಸೇರಿಸಿದರೆ ಪಿಡಿಎಫ್ ಕಡತಗಳು ಮಾತ್ರ ಉಳಿಯುತ್ತವೆ. ಕೋಲನ್ ಆದಮೇಲೆ ಒಂದು ಸ್ಪೇಸ್ ಬಿದ್ದರೂ ಇದು ಕೆಲಸ ಮಾಡುವುದಿಲ್ಲ. ಕೈಕೊಡುವುದು ಹೆಚ್ಚಾಗಿ ಇಲ್ಲೇ. ವರದಿಯ ಕೊಂಡಿ ಸತ್ತಿದ್ದರೆ, ಅದನ್ನೇ ನಕಲು ಮಾಡಿ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅಂಟಿಸಿ ನೋಡಿ. ಸರ್ಕಾರಿ ತಾಣಗಳು ರೂಪ ಬದಲಿಸಿದಾಗ ಕಳೆದುಹೋದ ಎಷ್ಟೋ ಪಿಡಿಎಫ್‌ಗಳು ಅಲ್ಲಿ ಉಳಿದಿರುತ್ತವೆ.

ಮುಂದಿನ ತೊಡಕು ಊರಿನ ಹೆಸರು. ಪಾವಗಡ ಇರುವ ಜಿಲ್ಲೆಯ ಅಧಿಕೃತ ಇಂಗ್ಲಿಷ್ ಕಾಗುಣಿತ 'ತುಮಕೂರು' ಎಂದಾದದ್ದು 2014ರ ನವೆಂಬರ್ 1ರಂದು. ಅದಕ್ಕಿಂತ ಹಿಂದಿನ ಲೇಖನಗಳಲ್ಲೆಲ್ಲ 'ತುಮ್ಕೂರ್' ಎಂದೇ ಇರುತ್ತದೆ. ಜಿಲ್ಲೆಯೇ ಬದಲಾದ ಕಡೆ ಇನ್ನೂ ಫಜೀತಿ. ಫ್ಲೋರೈಡ್‌ಗೆ ಹೆಸರಾದ ಬಾಗೇಪಲ್ಲಿ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು, ಮುಂಡರಗಿ 1997ರವರೆಗೆ ಧಾರವಾಡದಲ್ಲಿತ್ತು. ಚಿಕ್ಕಬಳ್ಳಾಪುರ, ಗದಗ ಎಂದು ಮಾತ್ರ ಹುಡುಕುವವನಿಗೆ ಹಳೆಯ ಅಧ್ಯಯನಗಳು ಕಾಣುವುದೇ ಇಲ್ಲ. ಹಳೆ ಹೆಸರು, ಹೊಸ ಹೆಸರು ಎರಡನ್ನೂ ಬರೆದು ನಡುವೆ ದೊಡ್ಡಕ್ಷರದಲ್ಲಿ 'ಆರ್' (ಓ, ಆರ್ ಎಂಬ ಎರಡಕ್ಷರ) ಹಾಕಬೇಕು. 'ಗ್ರೌಂಡ್‌ವಾಟರ್' ಎಂಬುದನ್ನು ಕೂಡಿಸಿಯೂ ಬಿಡಿಸಿಯೂ ಕೊಡಿ. 'ಫ್ಲೋರೈಡ್' ಪದದ ಇಂಗ್ಲಿಷ್ ಕಾಗುಣಿತದಲ್ಲಿ 'ಯು' ಮತ್ತು 'ಓ' ಅದಲುಬದಲಾದ ಶೀರ್ಷಿಕೆಗಳೂ ಇವೆ! ಗೂಗಲ್ ಇಂಥವನ್ನು ತಾನೇ ಊಹಿಸಿಕೊಳ್ಳುತ್ತದೆ, ಸಂಸ್ಥೆಗಳ ಚಿಕ್ಕ ಸರ್ಚ್ ಪೆಟ್ಟಿಗೆಗಳು ಊಹಿಸುವುದಿಲ್ಲ.

2004ರಲ್ಲಿ ಬಂದ ಗೂಗಲ್ ಸ್ಕಾಲರ್‌ನ ಬಲ ಇರುವುದು ಪ್ರತಿ ಲೇಖನದ ಕೆಳಗಿನ 'ಸೈಟೆಡ್ ಬೈ' ಕೊಂಡಿಯಲ್ಲಿ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ ನಲ್ಗೊಂಡ ವಿಧಾನವನ್ನೇ ನೋಡಿ. ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸಿ ಫ್ಲೋರೈಡ್ ತೆಗೆಯುವ ವಿಧಾನವದು. ಬರೀ 'ನಲ್ಗೊಂಡ' ಎಂದರೆ ಆ ಊರಿನ ನೀರಿನ ಸಮೀಕ್ಷೆಗಳೆಲ್ಲ ಬಂದು ಬೀಳುತ್ತವೆ. 'ನಲ್ಗೊಂಡ ಟೆಕ್ನಿಕ್' ಎಂಬ ಎರಡೂ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಸಿಕ್ಕ ಹಳೆಯ ಲೇಖನವೊಂದರ 'ಸೈಟೆಡ್ ಬೈ' ಒತ್ತಿ, ಮೇಲಿರುವ 'ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್' ಚೌಕಕ್ಕೆ ಗುರುತು ಹಾಕಿ, 'ಕರ್ನಾಟಕ' ಎಂದು ಕೊಟ್ಟರೆ ಆ ಲೇಖನವನ್ನು ಉಲ್ಲೇಖಿಸಿದ, ಕರ್ನಾಟಕದ ಮಾತೂ ಇರುವ ಬರಹಗಳು ಮಾತ್ರ ಉಳಿಯುತ್ತವೆ. ಲೇಖನ ದುಡ್ಡು ಕೇಳಿದರೆ 'ಆಲ್ ವರ್ಷನ್ಸ್' ತೆರೆದು ನೋಡಿ, ಎಲ್ಲಾದರೂ ಉಚಿತ ಪ್ರತಿ ಇರಬಹುದು.

ಸ್ಕಾಲರ್‌ನ ಐಬುಗಳೂ ಗೊತ್ತಿರಲಿ. ಶ್ರೇಣಿ ಕೊಡುವಾಗ ಅದು ಉಲ್ಲೇಖಗಳ ಸಂಖ್ಯೆಗೆ ತೂಕ ಕೊಡುತ್ತದೆ, ಆದ್ದರಿಂದ ಹಳೆಯದು ಮೇಲಿರುತ್ತದೆ. ಹೊಸದು ಬೇಕೆಂದು 'ಸಾರ್ಟ್ ಬೈ ಡೇಟ್' ಒತ್ತಿದರೆ ಹಿಂದಿನ ಒಂದು ವರ್ಷದ್ದಷ್ಟೇ ತೋರಿಸುತ್ತದೆ. ಅದರ ಬದಲು ಎಡಗಡೆಯ ವರ್ಷದ ಆಯ್ಕೆ ಬಳಸುವುದು ಒಳ್ಳೆಯದು. ಮೇಲೆ ಕಾಣುವ ಫಲಿತಾಂಶಗಳ ಸಂಖ್ಯೆ ಅಂದಾಜಿನದು, ತೆರೆಯಲು ಸಿಗುವುದು ಮೊದಲ 1,000 ಮಾತ್ರ. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳೂ ಅದರೊಳಗಿವೆ.

ಹಲ್ಲು ಮೂಳೆಯ ಪ್ರಶ್ನೆಗೆ ಪಬ್‌ಮೆಡ್. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಇದರಲ್ಲಿ ಬಹುಪಾಲು ಲೇಖನಗಳಿಗೆ 'ಮೆಶ್' ಎಂಬ ನಿಗದಿತ ವಿಷಯಪದಗಳನ್ನು ಅಂಟಿಸಿರುತ್ತಾರೆ. ಲೇಖಕರು 'ಡೆಂಟಲ್ ಫ್ಲೋರೋಸಿಸ್' ಎಂದಿರಲಿ, 'ಮಾಟಲ್ಡ್ ಎನಾಮೆಲ್' ಎಂದಿರಲಿ, ಒಂದೇ ಮೆಶ್ ಪದದಡಿ ಸಿಗುವಂತೆ ಮಾಡುವ ಏರ್ಪಾಡು ಇದು. ನೀವು ಸುಮ್ಮನೆ ಪದ ಹಾಕಿದರೂ ಪಬ್‌ಮೆಡ್ ತಾನೇ ಮೆಶ್‌ಗೆ ಹೊಂದಿಸುತ್ತದೆ. ಪದವನ್ನು ಉದ್ಧರಣ ಚಿಹ್ನೆಯೊಳಗಿಟ್ಟರೆ, ಕೊನೆಗೆ ನಕ್ಷತ್ರ ಹಾಕಿದರೆ ಈ ಹೊಂದಾಣಿಕೆ ನಿಂತುಹೋಗುತ್ತದೆ. ಗೂಗಲ್ ಅಭ್ಯಾಸದಲ್ಲಿ ಎಲ್ಲಕ್ಕೂ ಉದ್ಧರಣ ಚಿಹ್ನೆ ಹಾಕುವವರು ಇಲ್ಲಿ ಅರ್ಧ ಲೇಖನ ಕಳೆದುಕೊಳ್ಳುತ್ತಾರೆ. 'ಅಡ್ವಾನ್ಸ್ಡ್' ಪುಟದ ಇತಿಹಾಸ ಪಟ್ಟಿಯಲ್ಲಿ 'ಡೀಟೇಲ್ಸ್' ತೆರೆದರೆ ನಿಮ್ಮ ಪದಗಳನ್ನು ಅದು ಹೇಗೆ ಅರ್ಥಮಾಡಿಕೊಂಡಿತು ಎಂಬುದು ಕಾಣುತ್ತದೆ. ಆದರೆ ಗ್ರಾನೈಟ್, ನೈಸ್ ಶಿಲೆಗಳಿಂದ ಫ್ಲೋರೈಡ್ ನೀರಿಗಿಳಿಯುವ ಕಥೆಗೆ ಪಬ್‌ಮೆಡ್ ನಂಬಬೇಡಿ. ಭೂವಿಜ್ಞಾನದ ಜರ್ನಲ್‌ಗಳು ಅಲ್ಲಿ ಅಪರೂಪ. ಅದಕ್ಕೆ ಸ್ಕಾಲರ್, ಇಲ್ಲವೇ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯ ಗ್ರಂಥಾಲಯ ನಡೆಸುವ ಬೇಸ್ ಸರ್ಚ್ ಎಂಜಿನ್.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾವನ್ನು ವಿದ್ಯಾರ್ಥಿಗಳು ಸಾಕಷ್ಟು ಬಳಸುತ್ತಿಲ್ಲ ಎಂದೇ ನಮ್ಮ ಅಭಿಪ್ರಾಯ. ಅಲ್ಲಿ ಪ್ರಬಂಧಗಳು ಅಧ್ಯಾಯಕ್ಕೊಂದು ಪಿಡಿಎಫ್‌ನಂತೆ ಇರುತ್ತವೆ. ಪೂರ್ತಿ ಇಳಿಸಿಕೊಳ್ಳುವ ಮುಂಚೆ ಸಾಹಿತ್ಯ ಸಮೀಕ್ಷೆಯ ಅಧ್ಯಾಯ ಮತ್ತು ಗ್ರಂಥಸೂಚಿ ಎರಡನ್ನೇ ತೆರೆಯಿರಿ, ಮೂರು ನಾಲ್ಕು ವರ್ಷ ಯಾರೋ ಹುಡುಕಿದ್ದು ಒಂದೇ ಕಡೆ ಸಿಗುತ್ತದೆ. ಹುಡುಕುವಾಗ ಉದ್ದ ವಾಕ್ಯ ಬೇಡ. 'ಫ್ಲೋರೈಡ್' ಎಂಬೊಂದೇ ಪದ ಕೊಟ್ಟು ಆಮೇಲೆ ವಿಶ್ವವಿದ್ಯಾಲಯದಿಂದ ಸೋಸಿ.

ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 10500 (2012) ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. 'ಮಿತಿ ಮೀರಿದ ಹಳ್ಳಿಗಳು' ಎಂದು ಎರಡು ಲೇಖನಗಳು ಬೇರೆ ಬೇರೆ ಲೆಕ್ಕ ಕೊಟ್ಟಿದ್ದರೆ, ಒಬ್ಬರು 1 ಹಿಡಿದು ಇನ್ನೊಬ್ಬರು 1.5 ಹಿಡಿದಿರಬಹುದು. ಹಳೆಯ ಲೇಖನಗಳ ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಎಷ್ಟು ಭಾಗ) ಅನ್ನು ಕುಡಿಯುವ ನೀರಿನ ಮಟ್ಟಿಗೆ ಲೀಟರಿಗೆ ಮಿಲಿಗ್ರಾಂ ಎಂದೇ ಓದಬಹುದು.

ಎಐ ಚಾಟ್‌ಬಾಟ್ ಕೊಟ್ಟ ಉಲ್ಲೇಖವಾದರೆ 10ರಿಂದ ಶುರುವಾಗುವ ಅದರ ಡಿಒಐ (ಲೇಖನದ ಕಾಯಂ ಗುರುತು) ಸಂಖ್ಯೆಯನ್ನು ಡಿಒಐ ಸಂಸ್ಥೆಯ ತಾಣದಲ್ಲಿ ಹಾಕಿ. ಪುಟ ತೆರೆಯದಿದ್ದರೆ, ಅಥವಾ ಬೇರೆ ಯಾವುದೋ ಲೇಖನ ತೆರೆದರೆ, ಆ ಉಲ್ಲೇಖವನ್ನು ಕೈಬಿಡಿ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ಗೋಳು. ನುಡಿ, ಬರಹ ತಂತ್ರಾಂಶಗಳ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರಗಳ ಸಂಕೇತ. ಒಂದು ಸಾಲು ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ಅಂಟಿಸಿದರೆ ಗೊತ್ತಾಗುತ್ತದೆ: ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ 'ಫ್ಲೋರೈಡ್' ಎಂದು ಕನ್ನಡದಲ್ಲಿ ಎಷ್ಟು ಹುಡುಕಿದರೂ ಆ ಕಡತ ಸಿಗುವುದಿಲ್ಲ. ಅಂಥ ವರದಿಗಳಿಗೆ ಸಂಬಂಧಪಟ್ಟ ಇಲಾಖೆಯ ಪ್ರಕಟಣೆಗಳ ಪಟ್ಟಿಯನ್ನೇ ತೆರೆದು, ವರ್ಷದಿಂದ ವರ್ಷಕ್ಕೆ ಕಣ್ಣಾಡಿಸಬೇಕು.