ಭತ್ತದ ಹೊಟ್ಟು ನೀರಿನ ಸೀಸವನ್ನು ಹಿಡಿಯುತ್ತದೆಯಾ?

ಪ್ರಶ್ನೆ: ನಮ್ಮದು ಗಂಗಾವತಿ. ಇಲ್ಲಿ ರೈಸ್ ಮಿಲ್ ಹಿಂದೆಲ್ಲ ಹೊಟ್ಟಿನ ರಾಶಿ. ಇದರಿಂದ ಫ್ಯಾಕ್ಟರಿ ನೀರಿನ ಸೀಸ, ಕ್ರೋಮಿಯಂ ತೆಗೆಯಬಹುದು ಅಂತಾರೆ. ನಿಜಾನಾ? ಮನೆ ಬೋರ್‌ವೆಲ್ ನೀರಿಗೂ ಹಾಕಬಹುದಾ?

ಉತ್ತರ: ಮೊದಲನೆಯದು ನಿಜ. ಎರಡನೆಯದು ಬೇಡ.

ಹೊಟ್ಟನ್ನು ಬೆರಳಲ್ಲಿ ಉಜ್ಜಿದರೆ ಒರಟಾಗಿ ಚುಚ್ಚುತ್ತದಲ್ವಾ? ಅದು ಸಿಲಿಕಾ, ತೂಕದಲ್ಲಿ ಹೆಚ್ಚುಕಡಿಮೆ ಶೇ 15ರಿಂದ 20. ಉಳಿದದ್ದರಲ್ಲಿ ಬಹುಪಾಲು ನಾರು. ಲೋಹ ಹಿಡಿಯುವ ಕೆಲಸ ಮುಖ್ಯವಾಗಿ ಈ ನಾರಿನದು. ಅದರ ಮೇಲೆ ಋಣ ವಿದ್ಯುದಂಶದ ಜಾಗಗಳಿರುತ್ತವೆ. ಸೀಸ, ತಾಮ್ರ, ಕ್ಯಾಡ್ಮಿಯಂ ಧನ ಅಂಶದವು, ಬಂದು ಅಂಟಿಕೊಳ್ಳುತ್ತವೆ. ಶೇಂಗಾ ಸಿಪ್ಪೆಯದೂ ಇದೇ ಕತೆ. ಹೊಟ್ಟನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಹಿಡಿತ ಜಾಸ್ತಿ. ಹಾಗೇ ಸುರಿದರೆ ಅದೇ ನೀರಿಗೆ ಕಂದು ಬಣ್ಣ ಬಿಡುತ್ತದೆ.

ಇನ್ನು ಪಿಎಚ್, ಅಂದರೆ ನೀರು ಎಷ್ಟು ಹುಳಿ ಅನ್ನುವ ಅಳತೆ. 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ. ಸೀಸ, ತಾಮ್ರಕ್ಕೆ ಸುಮಾರು 5ರಿಂದ 6 ಇದ್ದರೆ ಒಳ್ಳೆಯದು. ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಹೆಚ್ಚು ವಿಷಕಾರಿ ರೂಪ) ಮಾತ್ರ ಉಲ್ಟಾ. ಅದು ನೀರಿನಲ್ಲಿ ಋಣ ಅಂಶದ ಕ್ರೋಮೇಟ್ ಆಗಿರುತ್ತದೆ, ಪಿಎಚ್ 2ರ ಹತ್ತಿರ, ಅಂದರೆ ಚೆನ್ನಾಗಿ ಹುಳಿಯಾದ ನೀರಿನಲ್ಲೇ ಸಿಗುವುದು. ಒಂದೇ ತೊಟ್ಟಿಯಲ್ಲಿ ಎರಡನ್ನೂ ತೆಗೆಯುತ್ತೇವೆ ಅಂದರೆ ಆಗದು.

ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಒಂದೇ ಲೋಹ ಬೆರೆಸಿದ ನೀರಿರುತ್ತದೆ. ಫ್ಯಾಕ್ಟರಿ ನೀರಿನಲ್ಲಿ ಉಪ್ಪು, ಎಣ್ಣೆ, ಬಣ್ಣ ಎಲ್ಲ ಇರುತ್ತವೆ. ಗಡಸು ನೀರಾದರೆ ಕ್ಯಾಲ್ಸಿಯಂ ಕೂಡ ಆ ಜಾಗಗಳಿಗೆ ಪೈಪೋಟಿ ಮಾಡುತ್ತದೆ. ಹಾಗಾಗಿ ಮೊದಲು ಸುಣ್ಣ ಹಾಕಿ ಬಹುಪಾಲು ಲೋಹವನ್ನು ಕೆಸರಾಗಿ ಕೂರಿಸಿ, ಪಿಎಚ್ ಸರಿಮಾಡಿ, ಉಳಿದ ಸ್ವಲ್ಪಕ್ಕೆ ಹೊಟ್ಟು ಬಳಸುವುದೇ ಜಾಣತನ ಅಂತ ನನಗನಿಸುತ್ತದೆ.

ನಿಜವಾದ ತಲೆನೋವು ಆಮೇಲಿನದು. ಲೋಹ ನಾಶವಾಗಲಿಲ್ಲ, ನೀರಿನಿಂದ ಹೊಟ್ಟಿಗೆ ಬಂತು ಅಷ್ಟೆ. ಮಿಲ್‌ನಲ್ಲಿ ಹೊಟ್ಟನ್ನು ಬಾಯ್ಲರ್‌ಗೆ ಹಾಕುವ ರೂಢಿ ಇದೆಯಲ್ಲ, ಈ ಹೊಟ್ಟನ್ನು ಹಾಗೆ ಸುಟ್ಟರೆ ಸೀಸ ಬೂದಿಯಲ್ಲಿ ಉಳಿಯುತ್ತದೆ, ಸ್ವಲ್ಪ ಹೊಗೆಯಲ್ಲೂ ಹೋಗುತ್ತದೆ. ಹೊಲಕ್ಕೆ ಗೊಬ್ಬರವಾಗಿ ಹಾಕುವುದಂತೂ ಬೇಡವೇ ಬೇಡ. ತೆಳು ಆಮ್ಲದಲ್ಲಿ ತೊಳೆದು ಲೋಹ ಬಿಡಿಸಿ ಹೊಟ್ಟನ್ನು ಕೆಲವು ಸಲ ಮತ್ತೆ ಬಳಸಬಹುದು. ಸವೆದ ಹೊಟ್ಟನ್ನು ಅಪಾಯಕಾರಿ ತ್ಯಾಜ್ಯ ಅಂತಲೇ ನೋಡಿ, ಪರವಾನಗಿ ಇರುವವರಿಗೇ ಕೊಡಬೇಕು. "ಪುಕ್ಕಟೆ ಹೊಟ್ಟು" ಅನ್ನುವವರು ಈ ಖರ್ಚನ್ನು ಹೇಳುವುದೇ ಇಲ್ಲ.

ಬೋರ್‌ವೆಲ್ ನೀರಿಗೆ ಯಾಕೆ ಬೇಡ? ಕೊಪ್ಪಳ, ರಾಯಚೂರು ಕಡೆ ಬಹಳ ಊರುಗಳಲ್ಲಿ ಕಾಡುವುದು ಫ್ಲೋರೈಡ್. ಅದು ಋಣ ಅಂಶದ್ದು, ಹಸಿ ಹೊಟ್ಟಿಗೆ ಸಿಗುವುದಿಲ್ಲ. ಇನ್ನು ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಕೆಟ್‌ಗೆ ಹೊಟ್ಟು ಹಾಕಿ ಅಷ್ಟಕ್ಕೆ ಇಳಿಯಿತಾ ಅಂತ ಕಣ್ಣಲ್ಲಿ ನೋಡಿ ಹೇಳಲಾಗದು. ನೀರನ್ನು ಲ್ಯಾಬ್‌ಗೆ ಕೊಡಿ. ಕೊಡುವಾಗ ಭಾರಲೋಹಗಳ ಪರೀಕ್ಷೆಯೂ ಬೇಕು ಅಂತ ಬಾಯಿಬಿಟ್ಟು ಕೇಳಿ. ಮಾಮೂಲಿ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಅವನ್ನು ನೋಡುವುದಿಲ್ಲ.