ಎಡ್ಜ್ ಕಂಪ್ಯೂಟಿಂಗ್: ಸರ್ವರ್ ಹತ್ತಿರ ಇದ್ದರೆ ಸಾಲದು

ಎಡ್ಜ್ ಕಂಪ್ಯೂಟಿಂಗ್ ಎಂದರೆ ಫೋನಿಗೆ ಉತ್ತರ ಬೇಗ ಸಿಗಲೆಂದು ಟವರ್ ಪಕ್ಕದಲ್ಲೊಂದು ಸರ್ವರ್ ಇಡುವುದು ಎಂದು ಮೊದಲು ಬರೆದುಕೊಂಡಿದ್ದೆ. ಆ ಸಾಲನ್ನು ಈಗ ಹೊಡೆದುಹಾಕಿದ್ದೇನೆ. ಯಾಕೆಂದು ತಿಳಿಯಲು 4ಜಿಯಲ್ಲಿ ಡೇಟಾ ಹಿಡಿಯುವ ದಾರಿ ನೋಡಬೇಕು.

ಫೋನ್ ಕಳಿಸಿದ ಡೇಟಾ ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಟವರು ಜಿಟಿಪಿ ಎಂಬ ಸುರಂಗಕ್ಕೆ ತುಂಬುತ್ತದೆ. ಸೀಲು ಹಾಕಿದ ಟಪಾಲು ಚೀಲ ಅಂದುಕೊಳ್ಳಿ. 4ಜಿ ಜಾಲದಿಂದ ಇಂಟರ್ನೆಟ್ಟಿಗೆ ತೆರೆಯುವ ಬಾಗಿಲಾದ ಪಿ-ಗೇಟ್‌ವೇ ಮುಟ್ಟಿದ ಮೇಲೇ ಚೀಲ ಬಿಚ್ಚಿ, ಪ್ಯಾಕೆಟ್ಟನ್ನು ಇಂಟರ್ನೆಟ್ಟಿಗೆ ಬಿಡುವುದು. ಆ ಗೇಟ್‌ವೇ ಬೆಂಗಳೂರಿನಲ್ಲಿದೆ ಅಂತಿಟ್ಟುಕೊಳ್ಳಿ. ಕಲಬುರಗಿಯ ಫೋನು ಕಲಬುರಗಿಯದೇ ಸರ್ವರನ್ನು ಕೇಳಿದರೂ ಪ್ಯಾಕೆಟ್ಟು ಬೆಂಗಳೂರಿಗೆ ಹೋಗಿಯೇ ಬರಬೇಕು. ಉತ್ತರವೂ ಅದೇ ದಾರಿಯಲ್ಲಿ. ಕೊಂಕಣ ಸುತ್ತಿ ಮೈಲಾರ, ಅದೂ ಎರಡು ಸಲ!

ಲೆಕ್ಕ ಹಾಕೋಣ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಓಡುತ್ತದೆ. ಎರಡೂ ಊರಿಗೆ ನೇರ ಅಂತರ ಹತ್ತಿರ ಹತ್ತಿರ 500 ಕಿ.ಮೀ. ನಾಲ್ಕು ಓಟಕ್ಕೆ 2000 ಕಿ.ಮೀ., ಅಂದರೆ 10 ಮಿಲಿಸೆಕೆಂಡ್. ರೂಟರ್‌ಗಳ ಸರದಿ ಸಾಲು ಬೇರೆ. 5ಜಿಯ ಅತಿ ಶೀಘ್ರ ಸೇವೆಗೆ ರೇಡಿಯೋ ಭಾಗದಲ್ಲಿ ಇಟ್ಟ ಗುರಿ ಒಂದು ದಿಕ್ಕಿಗೆ 0.5 ಮಿಲಿಸೆಕೆಂಡ್. ಗಾಳಿಯಲ್ಲಿ ಉಳಿಸಿದ್ದೆಲ್ಲ ನೆಲದಲ್ಲಿ ಹೋಯಿತು.

ಹಾಗಾಗಿ ಕೇಳಬೇಕಾದ್ದು, ಚೀಲ ಎಲ್ಲಿ ಬಿಚ್ಚುತ್ತಾರೆ? 5ಜಿ ಕೋರ್‌ನಲ್ಲಿ, ಅಂದರೆ ಟವರುಗಳ ಹಿಂದಿರುವ ಕೇಂದ್ರ ಜಾಲದಲ್ಲಿ, ಚೀಲ ಬಿಚ್ಚುವ ಕೆಲಸ ಯುಪಿಎಫ್‌ನದು, ಅಪ್ಪಣೆ ಕೊಡುವುದು ಎಸ್‌ಎಂಎಫ್. ಎಸ್‌ಎಂಎಫ್ ಬೆಂಗಳೂರಿನಲ್ಲೇ ಕೂತು ಕಲಬುರಗಿಯ ಯುಪಿಎಫ್ ನಡೆಸಬಹುದು. ಪ್ಯಾಕೆಟ್ಟು ಎಲ್ಲಿಗೆ ಹೊರಟಿದೆ ಎಂದು ನೋಡಿ ಬೇರ್ಪಡಿಸುವ ಅಪ್‌ಲಿಂಕ್ ಕ್ಲಾಸಿಫೈಯರ್ ಸೇರಿಸಿದರೆ ಊರಿನ ಸರ್ವರ್‌ಗೆ ಹೋಗುವ ಪ್ಯಾಕೆಟ್ಟುಗಳಷ್ಟೇ ಅಲ್ಲಿ ಇಳಿಯುತ್ತವೆ, ಮಿಕ್ಕವು ಮುಂದೆ ಸಾಗುತ್ತವೆ.

ಫೋನಿನ ಮೂಲೆಯಲ್ಲಿ 5ಜಿ ಗುರುತು ಕಂಡಿತೆಂದು ಹಿಗ್ಗಬೇಡಿ. ಎನ್‌ಎಸ್‌ಎ (ನಾನ್-ಸ್ಟ್ಯಾಂಡ್‌ಅಲೋನ್) ವಿಧಾನದಲ್ಲಿ ರೇಡಿಯೋ ಮಾತ್ರ ಹೊಸದು, ಕೋರ್ 4ಜಿಯದೇ. 2022ರ ಅಕ್ಟೋಬರ್‌ನಲ್ಲಿ ಭಾರತಕ್ಕೆ 5ಜಿ ಬಂದಾಗ ಏರ್‌ಟೆಲ್ ಹಿಡಿದದ್ದು ಈ ದಾರಿ. ಜಿಯೋ ಹೊಸ ಕೋರ್‌ನೊಂದಿಗೇ ಇಳಿಯಿತು.

ಹೆಸರಿನ ಗೊಂದಲ: ಮೊಬೈಲ್ ಜಾಲದ ಎಡ್ಜ್ ಕಂಪ್ಯೂಟಿಂಗಿಗೆ ಎಂಇಸಿ ಎಂಬ ಹೆಸರೂ ಇದೆ. ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಇಟಿಎಸ್‌ಐ 2014ರಲ್ಲಿ ಕೆಲಸ ಶುರು ಮಾಡಿದಾಗ ಎಂಇಸಿಯ 'ಎಂ' ಮೊಬೈಲ್ ಆಗಿತ್ತು. ವೈಫೈ ಮೊದಲಾದವೂ ಸೇರಿ ಮುಂದೆ ಮಲ್ಟಿ-ಆಕ್ಸೆಸ್ ಆಯಿತು.

ನನಗೆ ಕಷ್ಟವೆನಿಸಿದ್ದು ಬಳಕೆದಾರ ಚಲಿಸುವ ಸಂದರ್ಭ. ಕಲಬುರಗಿಯಲ್ಲಿ ರೈಲು ಹತ್ತಿದವನು ರಾಯಚೂರು ತಲುಪಿದಾಗ ಯುಪಿಎಫ್ ಬದಲಾದರೆ ಐಪಿ ವಿಳಾಸವೂ ಬದಲಾಗಬಹುದು. ಇಂಥ ಹೊತ್ತಿನಲ್ಲಿ ಸಂಪರ್ಕ ಹೇಗಿರಬೇಕೆಂದು ಹೇಳುವ 5ಜಿಯ ನಿಯಮಗಳಿಗೆ ಎಸ್‌ಎಸ್‌ಸಿ ಮೋಡ್ ಎಂದು ಹೆಸರು. ಮೋಡ್ 1 ಹಳೆಯ ಯುಪಿಎಫ್ಫನ್ನೇ ಹಿಡಿದಿರುತ್ತದೆ; ವಿಳಾಸ ಉಳಿಯುತ್ತದೆ, ದಾರಿ ಉದ್ದವಾಗುತ್ತದೆ. ಮೋಡ್ 3 ಹೊಸ ದಾರಿ ಹಾಕಿದ ಮೇಲೇ ಹಳೆಯದನ್ನು ಬಿಡುತ್ತದೆ. ಆದರೆ ಹಳೆಯ ಸರ್ವರ್‌ನಲ್ಲಿ ಅರ್ಧಕ್ಕೆ ನಿಂತ ಆಟದ ಸ್ಥಿತಿಯನ್ನು ಈ ಮೋಡ್‌ಗಳು ಹೊತ್ತು ತರುವುದಿಲ್ಲ. ಅದನ್ನು ಹೊಸ ಸರ್ವರ್‌ಗೆ ಸಾಗಿಸುವ ತಯಾರಿಯನ್ನು ಆ್ಯಪ್ ಬರೆದವರೇ ಮಾಡಿಟ್ಟಿರಬೇಕು.