ಬೆರಳು ಒಲ್ಲೆ ಅಂದರೆ ಭುಜದಿಂದ ಬರೆಯಿರಿ

ಸಂಧಿವಾತ ಬಂದ ಮೇಲೆ ಚಿತ್ರ ಬರೆಯುವವರು ನನ್ನಂಥ ಆಕ್ಯುಪೇಷನಲ್ ಥೆರಪಿಸ್ಟ್ (ಕಾಯಿಲೆ ಇದ್ದರೂ ದಿನನಿತ್ಯದ ಕೆಲಸ ಮಾಡಿಕೊಳ್ಳಲು ದಾರಿ ಹೇಳಿಕೊಡುವವರು) ಹತ್ತಿರ ಬಂದು ಕೇಳುವುದು ಒಂದೇ: ಮೊದಲಿನ ಹಾಗೆ ಸಣ್ಣ ಬ್ರಶ್ ಹಿಡಿಯೋಕೆ ಆಗುತ್ತಾ? ಹಿಡಿ ದಪ್ಪ ಮಾಡಿಕೊಡಬಹುದು, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಒಂದು ತುಂಡು ಸಾಕು. ಆದರೆ ಹಂಪಿಯ ಕಲ್ಲಿನ ರಥವನ್ನು ಒಂದೊಂದು ಕೆತ್ತನೆ ಸಮೇತ ಬಿಡಿಸುತ್ತಿದ್ದವರಿಗೆ ನಾನು ಇನ್ನೊಂದು ಮಾತೂ ಹೇಳುತ್ತೇನೆ. ಶೈಲಿಯನ್ನೇ ಸ್ವಲ್ಪ ಸಡಿಲ ಬಿಟ್ಟು, ಇದ್ದದ್ದನ್ನು ಇದ್ದ ಹಾಗೇ ಬಿಡಿಸದೆ ಆಕಾರ, ಬಣ್ಣದಲ್ಲೇ ಹೇಳುವ ಅಮೂರ್ತ ಚಿತ್ರದ ಕಡೆ ಹೋಗಿ ನೋಡಿ. ತಕ್ಷಣ ಮುಖ ಸಪ್ಪಗಾಗುತ್ತದೆ. ಅಮೂರ್ತ ಚಿತ್ರ ಅಂದರೆ ಕೈಲಾಗದವರು ಸುಮ್ನೆ ಬಣ್ಣ ಎರಚುವುದು ಅಂತ ನಮ್ಮಲ್ಲಿ ಒಂದು ತಾತ್ಸಾರ ಇದೆಯಲ್ವಾ.

ಫ್ರಾನ್ಸಿನ ಹೆಸರಾಂತ ಚಿತ್ರಕಾರ ಹೆನ್ರಿ ಮಾತೀಸ್ ಏನು ಮಾಡಿದರು ನೋಡಿ. 1941ರಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆದ ಮೇಲೆ ಹೆಚ್ಚು ಹೊತ್ತು ನಿಲ್ಲುವುದು ಕಷ್ಟವಾಯಿತು, ಆಗ ಬಣ್ಣ ಬಳಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ, ಸಹಾಯಕರ ಕೈಲಿ ಗೋಡೆಗೆ ಪಿನ್ ಹಾಕಿಸಿ, ಇಲ್ಲಿಂದ ತೆಗೆದು ಅಲ್ಲಿಡಿ ಅಂತ ಹೇಳುತ್ತಲೇ ಚಿತ್ರ ಕಟ್ಟಿದರು. ಉದ್ದನೆಯ ಬಿದಿರು ಕೋಲಿನ ತುದಿಗೆ ಇದ್ದಿಲು ಸಿಕ್ಕಿಸಿಯೂ ಬರೆದರು. ನಮ್ಮ ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಪೂರ್ತಿ ಕಣ್ಣು ಹೋದ ಮೇಲೂ ಕಾಗದ ಕತ್ತರಿಸಿ ಚಿತ್ರ ಮಾಡಿದರು, 1972ರಲ್ಲಿ ಅಲ್ಲಿನ ಕಲಾಶಾಲೆ ಕಲಾಭವನದಲ್ಲಿ ಟೈಲ್ಸಿನ ಭಿತ್ತಿಚಿತ್ರ ಮಾಡಿದರು.

ಸಣ್ಣ ಬ್ರಶ್ ಹಿಡಿಯಲು ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಒತ್ತಿರಬೇಕು. ಹೆಬ್ಬೆರಳಿನ ಬುಡ ನೋಯುವುದು ಅದಕ್ಕೇ. ಎರಡಿಂಚಿನ ಚಪ್ಪಟೆ ಬ್ರಶ್ಶನ್ನು ಇಡೀ ಮುಷ್ಟಿಯಲ್ಲಿ ಹಿಡಿಯಬಹುದು, ಗೆರೆ ಮೊಣಕೈ ಮತ್ತು ಭುಜದಿಂದ ಬರುತ್ತದೆ. ಕೈ ನಡುಗುವವರಿಗೂ ಇದು ಅನುಕೂಲ, ತೆಳು ಗೆರೆಯಲ್ಲಿ ಎದ್ದು ಕಾಣುವ ನಡುಕ ಅಗಲವಾದ ಬಣ್ಣದಲ್ಲಿ ಕರಗಿಹೋಗುತ್ತದೆ. ಭುಜವೇ ನೋಯುತ್ತಿದ್ದರೆ ಕಾಗದವನ್ನು ಗೋಡೆಗೆ ಅಂಟಿಸಬೇಡಿ, ಮೇಜಿನ ಮೇಲೆ ಹಲಗೆ ಓರೆಯಾಗಿಟ್ಟು ಕೂತು ಬರೆಯಿರಿ. ಫ್ಯಾನ್ ಕೆಳಗೆ ಅಕ್ರಿಲಿಕ್ ಬಣ್ಣ ಬೇಗ ಒಣಗಿ ನಿಧಾನದ ಕೈಗೆ ಅವಸರ ಹಚ್ಚುತ್ತದೆ. ಅದರ ಬದಲು ಒದ್ದೆ ಕಾಗದದ ಮೇಲೆ ಜಲವರ್ಣ ಬಿಟ್ಟರೆ ಅರ್ಧ ಕೆಲಸ ನೀರೇ ಮಾಡುತ್ತದೆ.

ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಸೂಕ್ಷ್ಮ ಕೆಲಸಕ್ಕೆ ಒಗ್ಗಿದ ಕೈ ಮತ್ತೆ ಮತ್ತೆ ತಿದ್ದಲು ಹೋಗುತ್ತದೆ, ಬಣ್ಣ ಕೆಸರಾಗುತ್ತದೆ. ಹಾಗಾಗಿ ಕತ್ತಲೆ ಎಲ್ಲಿ, ಬೆಳಕು ಎಲ್ಲಿ ಅಂತ ಮೊದಲೇ ತೀರ್ಮಾನಿಸಿ, ಮೂರೇ ಬಣ್ಣ ಇಟ್ಟುಕೊಳ್ಳಿ. ರಥದ ಚಕ್ರ ಒಂದು ದಪ್ಪ ನೆರಳಾದರೂ ಅದು ರಥವೇ, ಆ ನೆರಳನ್ನು ಎಲ್ಲಿ ಇಡಬೇಕು ಅನ್ನುವುದು ಇಷ್ಟು ವರ್ಷ ಬರೆದ ನಿಮಗೆ ಗೊತ್ತು.

ಬರೆದು ಮುಗಿಸಿ ಎರಡು ಗಂಟೆ ಕಳೆದರೂ ನೋವು ಇಳಿಯದಿದ್ದರೆ ಮರುದಿನ ಹೊತ್ತು ಕಡಿಮೆ ಮಾಡಿ. ಸಂದು ಊದಿ ಬಿಸಿಯಾಗಿರುವ ದಿನ ಬ್ರಶ್ ಮುಟ್ಟಲೇಬೇಡಿ. ಸುಮ್ನಿರೋಕೆ ಆಗದಿದ್ದರೆ ಮಾತೀಸ್ ಹಾಗೆ, ಮನೆಯವರ ಕೈಗೆ ಕತ್ತರಿ, ಬಣ್ಣದ ಕಾಗದ ಕೊಟ್ಟು, ಎಲ್ಲಿ ಅಂಟಿಸಬೇಕು ಅಂತ ನೀವು ಹೇಳಿ.